ಬಿದ್ದು ಆದ ಪೆಟ್ಟು

ಹ್ಯೂಸ್ಟನ್ನಿನ ಆಸ್ಪತ್ರೆಗೆ ನಾನು ನರ್ಸಾಗಿ ಸೇರಿ ಎರಡನೇ ವರ್ಷ ನಡೆಯುತ್ತಿತ್ತು. ಮೂಳೆ ವಿಭಾಗದ ಹೊರರೋಗಿಗಳ ಕಡೆ ನನ್ನ ಡ್ಯೂಟಿ. ಇನ್ಶೂರೆನ್ಸ್ ಇಲ್ಲದವರು ಬರುವ ಜಾಗ ಅದು. ಮನೆಗಳ ಛಾವಣಿ ಹಾಕುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಹುಲ್ಲು ಕತ್ತರಿಸುವವರು ಬೆಳಗಾಗುತ್ತಲೇ ಬಂದು ಕುರ್ಚಿ ಹಿಡಿದು ಕೂತಿರುತ್ತಿದ್ದರು. ಒಂದು ಮಂಗಳವಾರ, ಇನ್ನೂ ಮೂವತ್ತು ದಾಟಿರದ ಒಬ್ಬ ಬಂದ. ಕಾರ್ಪೆಟ್ ಗೋದಾಮಿನಲ್ಲಿ ಸುರುಳಿಗಳನ್ನು ಹೊರುವ ಕೆಲಸವಂತೆ. ಎರಡೂ ಭುಜ ನೋಯುತ್ತವೆ, ಕೈ ಕಿವಿಗಿಂತ ಮೇಲೆ ಏಳುವುದಿಲ್ಲ ಎಂದ. ಹಳೆಯ ಪೆಟ್ಟೇನಾದರೂ ಇದೆಯೇ ಎಂದು ಕೇಳಿದೆ. ಪ್ಲಾಸ್ಟಿಕ್ ಕವರಿನಿಂದ ಒಂದು ಹಾಳೆ ತೆಗೆದು ಕೊಟ್ಟ. ಮಡಿಸಿ ಮಡಿಸಿ ಅದರ ಗೆರೆಗಳು ಹರಿಯುವ ಹಾಗಿದ್ದವು.

ಅದೊಂದು ಡಿಸ್ಚಾರ್ಜ್ ಚೀಟಿ. ಬಲಕ್ಕೆ ಅರಬ್ಬಿ, ಎಡಕ್ಕೆ ಇಂಗ್ಲಿಷು. ಮೂಲೆಯ ಮುದ್ರೆಯನ್ನು ಓದುವ ಮೊದಲೇ ನನಗೆ ಗುರುತು ಹತ್ತಿತು. ಆ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನಾನು ನಾಲ್ಕು ವರ್ಷ ದುಡಿದಿದ್ದೆ. ಕಾರಣ ಎಂದಿದ್ದ ಕಡೆ ನೀಲಿ ಶಾಯಿಯಲ್ಲಿ ಬರೆದಿತ್ತು: ಬಿದ್ದು ಆದ ಪೆಟ್ಟು.

ಆ ಅಕ್ಷರ ನನ್ನದೇ ಏನೋ ಎಂದು ಮೊದಲು ನೋಡಿದೆ. ನನ್ನದಲ್ಲ. ಅಲ್ಲಿ ನನ್ನ ಜೊತೆಗಿದ್ದ ಕೇರಳದ ಒಬ್ಬ ಗೆಳತಿ ಹಾಗೆ ದುಂಡಗೆ ಬರೆಯುತ್ತಿದ್ದಳು.

"ಹೇಗೆ ಬಿದ್ದಿರಿ?" ಎಂದು ಅವನ ಊರಿನ ಅರಬ್ಬಿಯಲ್ಲೇ ಕೇಳಿದೆ.

ಅವನು ನನ್ನ ಮುಖವನ್ನು ತುಸು ಹೊತ್ತು ನೋಡಿದ. "ನಾನು ಬೀಳಲಿಲ್ಲ, ಸಿಸ್ಟರ್" ಎಂದ.

ನಾನು ಗದಗಿನ ಕಡೆಯವಳು. ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತು, ಇಪ್ಪತ್ತಾರನೇ ವಯಸ್ಸಿಗೆ, ಆ ಚೀಟಿಯ ಆಸ್ಪತ್ರೆಯಿದ್ದ ಅರಬ್ ದ್ವೀಪಕ್ಕೆ ಕೆಲಸಕ್ಕೆ ಹೋದೆ. ರಾಜನ ಆಳ್ವಿಕೆಯ ಸಣ್ಣ ನಾಡು. ಎಣ್ಣೆಯ ಸಿರಿಯೆಲ್ಲ ಅರಮನೆಯ ಸುತ್ತ, ಖರ್ಜೂರದ ತೋಟಗಳ ನಡುವಿನ ಹಳ್ಳಿಗಳಲ್ಲಿ ಕೆಲಸವಿಲ್ಲದ ತರುಣರು. ನಾನು ಹೋದ ಮರುವರ್ಷ ಅವರು ಬೀದಿಗಿಳಿದರು. ಎಂದೋ ಮುಚ್ಚಿಸಿದ ಶಾಸನಸಭೆಯನ್ನು ಮತ್ತೆ ತೆರೆಯಿರಿ, ನಮಗೂ ಕೆಲಸ ಕೊಡಿ ಎಂಬುದು ಅವರ ಬೇಡಿಕೆ. ಆದರೆ ಕೆಲಸಗಳು ನಮ್ಮಂಥ ಹೊರಗಿನವರ ಕೈಯಲ್ಲಿದ್ದವು. ಕಡಿಮೆ ಸಂಬಳಕ್ಕೆ ಬಾಯಿ ಮುಚ್ಚಿಕೊಂಡು ದುಡಿಯುವವರು ನಾವು. ಪೊಲೀಸರಲ್ಲೂ ಬಹಳ ಮಂದಿ ಬೇರೆ ದೇಶಗಳಿಂದ ತಂದವರೇ. ಹಳ್ಳಿಯವರ ಕಣ್ಣಿಗೆ ಲಾಠಿ ಹಿಡಿದವನೂ ಪರದೇಶಿ, ಇಸ್ತ್ರಿ ಪೆಟ್ಟಿಗೆ ಹಿಡಿದವನೂ ಪರದೇಶಿ.

ಇಸ್ತ್ರಿ ಪೆಟ್ಟಿಗೆ ಹಿಡಿದವನು ನನ್ನ ತಮ್ಮ. ಅವನನ್ನು ಅಲ್ಲಿಗೆ ಕರೆಸಿಕೊಂಡವಳು ನಾನೇ. ಬೆಟಗೇರಿಯಲ್ಲಿ ಮಗ್ಗದ ಕೆಲಸ ನಿಂತುಹೋಗಿ ಸುಮ್ಮನೆ ಕೂತಿದ್ದ. ನಮ್ಮ ಆಸ್ಪತ್ರೆಯ ಗುಮಾಸ್ತನೊಬ್ಬನ ಬಳಗದವರಿಗೆ ಒಂದು ಲಾಂಡ್ರಿ ಇತ್ತು, ಒಂದು ಹಳ್ಳಿಯೊಳಗೆ ಹೋಗುವ ದಾರಿಯ ಬಾಯಿಗೇ. ಅಲ್ಲಿಗೆ ವೀಸಾ ಮಾಡಿಸಿದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಇನ್ನಿಬ್ಬರ ಜೊತೆ ವಾಸ. ಪಾಸ್‌ಪೋರ್ಟ್ ಧಣಿಯ ಬೀರುವಿನಲ್ಲಿ. ಎಂಟು ದಿನಕ್ಕೊಮ್ಮೆ ನರ್ಸುಗಳ ಹಾಸ್ಟೆಲ್ಲಿನ ಗೇಟಿಗೆ ಬಂದು ನನ್ನ ಯೂನಿಫಾರ್ಮ್ ಒಯ್ಯುತ್ತಿದ್ದ, ಇಸ್ತ್ರಿ ಮಾಡಿ ತಂದುಕೊಡುತ್ತಿದ್ದ.

"ಅಕ್ಕಾ, ಗೀರು ನೋಡಿಲ್ಲೆ, ಬೆರಳು ಕೊಯ್ತೈತಿ" ಎನ್ನುತ್ತಿದ್ದ.

ಗಲಾಟೆ ಜೋರಾಗಿ ಹಳ್ಳಿಗಳ ದಾರಿಯಲ್ಲಿ ಟೈರು ಉರಿಯತೊಡಗಿದಾಗ, ಬೇರೆ ಕಡೆ ಕೆಲಸ ಹುಡುಕೋಣ ಎಂದೆ. ಧಣಿ ಬಿಡಬೇಕಲ್ಲ ಎಂದ. ಆಮೇಲೆ ನನಗೇ ಸಮಾಧಾನ ಹೇಳಿದ: "ಅವರ ಜಗಳ ರಾಜನ ಕೂಡ ಐತಕ್ಕಾ. ನಮ್ಮನ್ಯಾಕ ಮುಟ್ಟತಾರ? ದಿನಾ ಅವರ ಅಂಗೀಗೆ ಇಸ್ತ್ರಿ ಮಾಡಾಂವ ನಾನ."

ಒಂದು ಶುಕ್ರವಾರ ಮಧ್ಯಾಹ್ನ ಅವರು ಮೂವರೂ ಉಂಡು, ಶಟರ್ ಎಳೆದುಕೊಂಡು ಮಲಗಿದ್ದರು. ಯಾರೋ ಶಟರಿನ ಅಡಿಗೆ ಪೆಟ್ರೋಲ್ ಸುರಿದು ಕಡ್ಡಿ ಗೀರಿದರು. ಹಿಂದಿನ ಕೋಣೆಯ ಕಿಟಕಿಗೆ ಕಬ್ಬಿಣದ ಸರಳುಗಳಿದ್ದವು. ಇಬ್ಬರು ಅಲ್ಲೇ ತೀರಿಕೊಂಡರು. ನನ್ನ ತಮ್ಮ ಮೂರು ದಿನ ಬದುಕಿದ್ದ. ಸುಟ್ಟವರ ವಾರ್ಡು ನಮ್ಮ ವಾರ್ಡಿನ ಮೇಲಿನ ಮಹಡಿಯಲ್ಲಿತ್ತು. ಎರಡನೇ ದಿನ ಅವನಿಗೆ ಎಚ್ಚರವಾಯಿತು. "ಅವ್ವಗ ಹೇಳಬ್ಯಾಡಕ್ಕಾ, ಕಡಿಮಿ ಆದಮ್ಯಾಲೆ ನಾನ ಹೇಳ್ತೀನಿ" ಎಂದ. ಅವನಿಂದ ನಾನು ಕೇಳಿದ ಕೊನೆಯ ಮಾತು ಅದು. ಕಾಗದಗಳಿಗೆಲ್ಲ ಧಣಿಯ ಸಹಿ ಆಗಿ ಹೆಣ ಊರು ಸೇರುವಷ್ಟರಲ್ಲಿ ಎರಡು ವಾರ ಕಳೆದಿದ್ದವು. ಪೆಟ್ಟಿಗೆ ತೆರೆಯಬಾರದೆಂದು ಬರೆದು ಅಂಟಿಸಿದ್ದರು. ಅವ್ವ ಅದರ ಮೇಲೆ ಕೈಯಿಟ್ಟು ಕೂತಿದ್ದಳೆಂದು ಅಣ್ಣ ಹೇಳಿದ. ನನಗೆ ರಜೆ ಸಿಕ್ಕಿರಲಿಲ್ಲ.

ನಮ್ಮ ವಾರ್ಡಿನ ಒಂದು ಬದಿಯಲ್ಲಿ ಹಳ್ಳಿಗಳಿಂದ ಹಿಡಿದು ತಂದವರು ಇರುತ್ತಿದ್ದರು. ಕಾಲನ್ನು ಮಂಚಕ್ಕೆ ಸರಪಳಿಯಿಂದ ಬಿಗಿದಿರುತ್ತಿತ್ತು, ಬಾಗಿಲಲ್ಲಿ ಪೊಲೀಸರು. ಎಲ್ಲರ ಗಾಯವೂ ಹೆಚ್ಚು ಕಡಿಮೆ ಒಂದೇ ಬಗೆ. ಎರಡೂ ಭುಜಗಳ ಕೀಲು ತಪ್ಪಿರುತ್ತಿತ್ತು, ಮಣಿಕಟ್ಟಿನ ಸುತ್ತ ಹಗ್ಗ ಕೊರೆದ ಗೆರೆ, ಅಂಗಾಲು ಬಾತುಕೊಂಡಿರುತ್ತಿತ್ತು. ಕೈ ಹಿಂದೆ ಕಟ್ಟಿ ಮೇಲಿನಿಂದ ನೇತುಹಾಕುತ್ತಿದ್ದರೆಂದು ನಮಗೆಲ್ಲ ಗೊತ್ತಿತ್ತು. ವಾರ್ಡಿನ ಮೇಲ್ವಿಚಾರಕಿ ಮೊದಲೇ ಹೇಳಿದ್ದರು: ಕಾರಣ ಕೇಳಬೇಡಿ, ಬಿದ್ದು ಆದ ಪೆಟ್ಟು ಅಂತ ಬರೆಯಿರಿ. ನಾವೆಲ್ಲ ಬರೆದೆವು.

ತಮ್ಮ ಸಾಯುವ ಮೊದಲು ಅದನ್ನು ಬರೆಯುವಾಗ ನನ್ನ ಕೈ ತಡೆಯುತ್ತಿತ್ತು. ಆಮೇಲೆ ತಡೆಯಲಿಲ್ಲ. ಇದನ್ನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ. ಅವನು ಹೋದ ಮರುವಾರ, ಸರಪಳಿಯಲ್ಲಿದ್ದ ಒಬ್ಬ ಕುಡಿಯಲು ನೀರು ಕೇಳಿದ. ಕೈ ಎತ್ತಲು ಆಗದವನು, ಯಾರಾದರೂ ಕುಡಿಸಬೇಕು. ಬಂದೆ ಎಂದು ಹೇಳಿ ನಾನು ಆಚೆ ಬದಿಯ ಎಲ್ಲ ಹಾಸಿಗೆಗಳ ಬಟ್ಟೆ ಬದಲಿಸಿದೆ, ಟ್ರೇ ತೊಳೆದಿಟ್ಟೆ. ಅವನು ಇನ್ನೆರಡು ಸಲ ಕರೆದ. ಮುಗಿಸಿ ಹೋಗುವಷ್ಟರಲ್ಲಿ ಅವನು ಕರೆಯುವುದನ್ನು ಬಿಟ್ಟಿದ್ದ. ಕುಡಿಸಿದೆ. "ದೇವರು ನಿಮ್ಮ ಕೈಯನ್ನು ಕಾಪಾಡಲಿ" ಎಂದ.

ಆ ಕೆಲಸ ಬಿಟ್ಟು, ಮದುವೆಯಾಗಿ, ಟೆಕ್ಸಾಸಿಗೆ ಬಂದೆ. ನನ್ನ ಗಂಡ ಮೈಸೂರಿನವರು, ಇಲ್ಲಿ ನಾನು ಸೇರಿದ ಆಸ್ಪತ್ರೆಯ ಲ್ಯಾಬಿನಲ್ಲೇ ಕೆಲಸ. ಹ್ಯೂಸ್ಟನ್ನಿನ ಪಕ್ಕದ ಪೇರ್ಲ್ಯಾಂಡಿನಲ್ಲಿ ದೇವಸ್ಥಾನಕ್ಕೆ ಹತ್ತಿರವಾಗಿ ಮನೆ ಮಾಡಿದೆವು, ಮಗಳು ಹುಟ್ಟಿದಳು. ಎಲ್ಲ ದಾಟಿ ಬಂದೆನೆಂದುಕೊಂಡಿದ್ದಾಗ ಕಾರ್ಪೆಟ್ ಹೊರುವವನು ಆ ಹಾಳೆ ತಂದ.

ಅವನು ಆಶ್ರಯ ಕೋರಿ ಇಲ್ಲಿನ ವಲಸೆ ಕೋರ್ಟಿಗೆ ಅರ್ಜಿ ಹಾಕಿದ್ದ. ಊರಿಗೆ ಕಳಿಸಿದರೆ ಮತ್ತೆ ಜೈಲು. ತನ್ನನ್ನು ಹಿಂಸಿಸಿದರೆಂಬುದಕ್ಕೆ ಅವನ ಬಳಿ ಇದ್ದ ಪುರಾವೆ ಆ ಚೀಟಿ ಒಂದೇ, ಮತ್ತು ಅದೇ ಅವನಿಗೆ ಮುಳುವಾಗಿತ್ತು. ಬಿದ್ದು ಆದ ಪೆಟ್ಟೆಂದು ಆಸ್ಪತ್ರೆಯೇ ಬರೆದಿದೆಯಲ್ಲ ಎಂದು ಸರ್ಕಾರದ ವಕೀಲರು ಹಿಡಿದುಕೊಂಡಿದ್ದರು.

ಎರಡನೇ ಸಲ ತೋರಿಸಿಕೊಳ್ಳಲು ಬಂದವನು ಕೆಳಗಿನ ಕೆಫೆಟೇರಿಯಾದಲ್ಲಿ ನನ್ನ ಊಟದ ಹೊತ್ತಿಗೆ ಕಾದಿದ್ದ. "ಅಲ್ಲಿ ಹೇಗೆ ಬರೆಸುತ್ತಿದ್ದರು ಎಂದು ನೀವು ಬಂದು ಹೇಳಿದರೆ ಸಾಕು" ಎಂದ.

ನಾನು ಲಾಂಡ್ರಿಯ ವಿಷಯ ಹೇಳಿದೆ. ಯಾವ ಹಳ್ಳಿ, ಯಾವ ತಿಂಗಳು ಎಂದು ಹೇಳಿದೆ. ಅದು ತನ್ನ ಹಳ್ಳಿಯ ಪಕ್ಕದ್ದು ಎಂದು ಅವನು ಹೇಳಿದ.

"ಆಗ ನಾನು ಒಳಗಿದ್ದೆ. ಆಸ್ಪತ್ರೆಯಿಂದ ವಾಪಸ್ ಜೈಲಿಗೇ ಒಯ್ದಿದ್ದರು."

"ಅದಕ್ಕೆ ಕಾಗದ ಇದೆಯೆ?"

"ಇಲ್ಲ." ಆಮೇಲೆ ತಾನಾಗಿಯೇ ಹೇಳಿದ: "ಹೊರಗಿದ್ದಿದ್ದರೆ ನಾನು ತಡೆಯುತ್ತಿದ್ದೆ ಎಂದು ನಿಮಗೆ ಆಣೆ ಮಾಡಲಾರೆ, ಸಿಸ್ಟರ್. ನಮ್ಮ ಅನ್ನ ಕಸಿದವರು ಅಂತ ನಿಮ್ಮವರ ಬಗ್ಗೆ ಗೋಡೆಗಳ ಮೇಲೆ ಬರೆದವರಲ್ಲಿ ನಾನೂ ಒಬ್ಬ. ಈಗ ಗೋದಾಮಿನಲ್ಲಿ ನನ್ನನ್ನೂ ಕೆಲವರು ಹಾಗೇ ನೋಡುತ್ತಾರೆ."

ನಾನು ಉಣ್ಣದೆ ಎದ್ದು ಬಂದೆ.

ಅವನ ಪರವಾಗಿ ಪುಕ್ಕಟೆ ಕೇಸು ನಡೆಸುತ್ತಿದ್ದ ವಕೀಲೆ ಆಸ್ಟಿನ್ನಿನವರು. ಮೂರು ಗಂಟೆ ಡ್ರೈವ್ ಮಾಡಿಕೊಂಡು ನಮ್ಮ ಮನೆಗೇ ಬಂದರು. ಬಲವಂತ ಮಾಡಲಿಲ್ಲ, ಬಾರದಿದ್ದರೂ ಸರಿ, ಆದರೆ ಕೇಸು ದುರ್ಬಲವಾಗುತ್ತದೆ ಎಂದಷ್ಟೇ ಹೇಳಿ ಹೋದರು. ಅವರ ಕಾರು ತಿರುಗಿದ ಮೇಲೆ ನನ್ನ ಗಂಡ ಹೇಳಿದರು: "ನೋಡು, ಇದು ನಮ್ಮ ಜಗಳ ಅಲ್ಲ. ನಿನ್ನ ತಮ್ಮನ್ನ ಸುಟ್ಟವರ ಕಡೆಯವನಿಗೆ ನೀನು ಹೋಗಿ ಸಾಕ್ಷಿ ಹೇಳೋದು ನನಗ್ಯಾಕೋ ಸರಿ ಕಾಣ್ತಿಲ್ಲ."

"ನನಗೂ ಸರಿ ಕಾಣಾಕತ್ತಿಲ್ರಿ" ಎಂದೆ. ಆಗ ಅವರಿಗೆ ನೀರಿನ ಸಂಗತಿ ಹೇಳಿದೆ. ಮೊದಲ ಸಲ.

ಅವರು ಮಗಳನ್ನು ತೊಡೆಯ ಮೇಲಿಂದ ಇಳಿಸಿದರು. "ಅದಕ್ಕೆ ಪ್ರಾಯಶ್ಚಿತ್ತ ಅಂತ ಹೋಗ್ತೀಯಾ?"

"ಪ್ರಾಯಶ್ಚಿತ್ತ ಅಲ್ರಿ. ಅಂವಗ ಕುಡಿಸಬೇಕಿದ್ದ ನೀರು ಇವಗ ಹೋಗಿ ಕುಡಿಸಾಕ ಬರ್ತೈತೇನು? ಬಿದ್ದು ಆದ ಪೆಟ್ಟು ಅಂತ ಬರದಾಕಿ ನಾನೂ ಒಬ್ಬಾಕಿ. ಸುಳ್ಳು ಅಂತ ಹೇಳವರು ಇಲ್ಲೆ ಬ್ಯಾರೆ ಯಾರದಾರ?"

ವಿಚಾರಣೆಯ ದಿನ ರಜೆ ಹಾಕಿ ನನ್ನ ಗಂಡನೇ ಕಾರು ತಂದರು, ಮಗಳನ್ನು ಎತ್ತಿಕೊಂಡು ಕಾರಿಡಾರಿನಲ್ಲಿ ಕೂತರು.

ಕೋರ್ಟಿನ ಕೋಣೆ ಚಿಕ್ಕದು, ಕಿಟಕಿಯಿಲ್ಲ. ಕಾರ್ಪೆಟ್ ಹೊರುವವನು ಯಾರಿಂದಲೋ ಎರವಲು ತಂದ ಕೋಟು ಹಾಕಿದ್ದ. ದುಭಾಷಿ ಅವನ ಕಿವಿಯ ಬಳಿ ಪಿಸುಗುಡುತ್ತಿದ್ದ. ತಮ್ಮನ ಮಾತನ್ನು ಇಲ್ಲಿ ಎತ್ತಬಾರದು ಎಂದು ನಾನು ನಿಶ್ಚಯಿಸಿಕೊಂಡೇ ಹೋಗಿದ್ದೆ. ವಕೀಲೆಗೂ ಹಾಗೇ ಹೇಳಿದ್ದೆ.

ಸರ್ಕಾರದ ವಕೀಲರು ಸಭ್ಯ ಮನುಷ್ಯ. ಈ ವ್ಯಕ್ತಿ ನಿಮ್ಮ ವಾರ್ಡಿನಲ್ಲಿದ್ದುದು ನೆನಪಿದೆಯೇ ಎಂದು ಕೇಳಿದರು.

"ಇಲ್ಲ. ಅಂಥವರು ಬಹಳ ಮಂದಿ ಇದ್ದರು."

"ಹಾಗಾದರೆ ಈ ಚೀಟಿ ಸುಳ್ಳು ಎಂದು ಹೇಗೆ ಹೇಳುತ್ತೀರಿ?"

"ಅಂಥ ಚೀಟಿಗಳನ್ನು ನಾನೇ ಬರೆದಿದ್ದೇನೆ. ಬಿದ್ದವನ ಎರಡೂ ಭುಜ ಒಂದೇ ರೀತಿ ತಪ್ಪುವುದಿಲ್ಲ. ಮಣಿಕಟ್ಟಿಗೆ ಹಗ್ಗದ ಗೆರೆ ಬೀಳುವುದಿಲ್ಲ. ಇವರ ಮಣಿಕಟ್ಟಿನ ಗೆರೆ ಈಗಲೂ ಇದೆ, ನಾನು ಇಲ್ಲಿ ನೋಡಿದ್ದೇನೆ."

ಅವರು ಕಾಗದ ಕೆಳಗಿಟ್ಟರು. "ಅಂದರೆ ಆಗ ನೀವು ಸುಳ್ಳು ಬರೆದಿರಿ. ಈಗ ಹೇಳುತ್ತಿರುವುದು ಸುಳ್ಳಲ್ಲ ಎಂದು ಕೋರ್ಟು ಏಕೆ ನಂಬಬೇಕು?"

ನ್ಯಾಯಾಧೀಶೆ ನನ್ನ ಕಡೆ ನೋಡಿದರು. "ಏಕೆಂದರೆ ಇವರ ಕಡೆಯವರು ನನ್ನ ತಮ್ಮನನ್ನು ಸುಟ್ಟು ಕೊಂದರು. ಇವರಿಗಾಗಿ ಸುಳ್ಳು ಹೇಳುವ ಅಗತ್ಯ ನನಗಿಲ್ಲ" ಎಂದೆ.

ದುಭಾಷಿ ಅದನ್ನು ಅರಬ್ಬಿಯಲ್ಲಿ ಹೇಳಿದ. ಅವನು ತಲೆ ತಗ್ಗಿಸಿ, ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಸಿದ. ನನಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ಸತ್ತವನನ್ನು ತಂದು ಆ ಮೇಜಿನ ಮೇಲೆ ಮಲಗಿಸಿದ ಹಾಗಾಯಿತು. ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ಮನೆ ತಲುಪುವವರೆಗೂ ಅತ್ತೆ. ನನ್ನ ಗಂಡ ರೇಡಿಯೋ ಹಾಕಲಿಲ್ಲ, ಏನಾಯಿತೆಂದು ಕೇಳಲೂ ಇಲ್ಲ.

ತೀರ್ಪು ಬರಲು ತಿಂಗಳುಗಳೇ ಹಿಡಿದವು. ಒಂದು ಮಧ್ಯಾಹ್ನ ಅವನೇ ಫೋನ್ ಮಾಡಿದ. ಅರ್ಜಿ ಒಪ್ಪಿಕೊಂಡರಂತೆ. ಡಾಲಸ್ಸಿಗೆ ಶಿಫ್ಟ್ ಆಗುತ್ತಿದ್ದೇನೆ, ಅಲ್ಲಿ ಭಾರ ಎತ್ತದ ಕೆಲಸವೊಂದು ಸಿಕ್ಕಿದೆ ಎಂದ. ಧನ್ಯವಾದ ಹೇಳಲು ತೊಡಗಿ ನಿಲ್ಲಿಸಿದ. "ನಿಮ್ಮ ತಮ್ಮನ ಹೆಸರು ಹೇಳಿ, ನಾನು ಪ್ರಾರ್ಥನೆಯಲ್ಲಿ ನೆನೆಯುತ್ತೇನೆ" ಎಂದ. ಬೇಡ ಎಂದೆ. ಆಗಲಿ ಸಿಸ್ಟರ್ ಎಂದು ಫೋನ್ ಇಟ್ಟ. ಅಷ್ಟೇ, ಮತ್ತೆ ಅವನ ಸುದ್ದಿ ಇಲ್ಲ.

ಅವ್ವನಿಗೆ ಆ ಭಾನುವಾರ ಫೋನಿನಲ್ಲಿ ಹೇಳಿದೆ. ಅಣ್ಣನ ಮನೆಯಲ್ಲಿದ್ದಳು, ಹಿಂದೆ ಮೊಮ್ಮಕ್ಕಳ ಗದ್ದಲ ಕೇಳುತ್ತಿತ್ತು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು: "ಸುಟ್ಟಾಂವ ಅವನ ಏನು?"

"ಗೊತ್ತಿಲ್ಲವ್ವಾ. ಜೇಲಿನ್ಯಾಗ ಇದ್ದೆ ಅಂತಾನ."

"ಗೊತ್ತಿಲ್ಲದ ಯಾಕ ಹೋದಿ?"

ಅವನನ್ನು ನೇತುಹಾಕಿದ್ದರು, ನಾವು ಬಿದ್ದನೆಂದು ಬರೆದೆವು, ಅದನ್ನು ಹೇಳಿ ಬಂದೆ ಎಂದೆ. ಅವ್ವ ಮೊಮ್ಮಕ್ಕಳನ್ನು ಗದರಿ ಹೊರಗೆ ಕಳಿಸಿದಳು.

"ಅವಗ ಅವ್ವ ಅದಾಳೇನು?"

"ಅದಾಳಂತ. ಅಲ್ಲೇ ಹಳ್ಳ್ಯಾಗ."

"ಮತ್ತ ಇಂವ ಅಲ್ಲಿಗೆ ಹೋಗಾಂವೇನು?"

"ಇಲ್ಲವ್ವಾ. ಹೋದ್ರ ಹಿಡೀತಾರ. ಇನ್ನ ಹೋಗಾಕ ಬರೂದಿಲ್ಲ."

"ಅಂದ್ರ ಅಕಿಗೂ ಮಗ ಇಲ್ಲದಂಗ ಆತು" ಎಂದಳು.

ಹೌದವ್ವಾ ಎಂದೆ. ಆಮೇಲೆ ಅವ್ವ, ನನ್ನ ಮಗಳು ಮಾತಾಡಲು ಕಲಿತಳೇ, ಯಾವ ಭಾಷೆಯಲ್ಲಿ ಮಾತಾಡುತ್ತಾಳೆ ಎಂದು ಕೇಳಿದಳು.