ಮಾಂತ್ರಿಕನ ಕಿರುಬೆರಳು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ಬೇರೇನೋ ಮಾತಾಡಿ ಎದ್ದುಹೋಗಿದ್ದೇನೆ. ಆಟದೊಳಗಿನ ಮಾತು, ಅದನ್ನೇನು ದೊಡ್ಡದು ಮಾಡುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡದ್ದೂ ಉಂಟು. ಹೋದ ವಾರ ಸೊಸೆ ಅಡುಗೆಮನೆಯಲ್ಲಿ ಜೋಳದ ಡಬ್ಬಿ ಸರಿಸಿದಾಗ ಅದರ ಹಿಂದಿನಿಂದ ಹಸಿರು ದಾಳವೊಂದು ಉರುಳಿ ಬಂತು. ಇಪ್ಪತ್ತು ಮುಖದ ದಾಳ.

"ಮಾವಾರ, ಇದು ಮ್ಯಾಲಿನ ಮನಿಯವರದಲ್ಲೇನ್ರಿ?" ಎಂದಳು. ನಾನು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟೆ...

ರಾಣೆಬೆನ್ನೂರಿನ ನಮ್ಮ ಮನೆಯ ಮಹಡಿಯಲ್ಲಿ ಅವನು ಬಾಡಿಗೆಗಿದ್ದ. ಬ್ಯಾಡಗಿಯವನು. ಬೀಜದ ಕಂಪನಿಯೊಂದರಲ್ಲಿ ಕೆಲಸ, ಮದುವೆಯಾಗಿರಲಿಲ್ಲ. ಬ್ಯಾಡಗಿಯವನಾಗಿಯೂ ನಾವು ಕೆಳಗೆ ಮೆಣಸಿನಕಾಯಿ ಹುರಿದರೆ ಮೊದಲು ಸೀನುತ್ತಿದ್ದವನು ಅವನೇ. "ಊರ ಮರ್ಯಾದಿ ಕಳದ್ಯಲ್ಲೋ!" ಎಂದು ನಾನು ಅಂಗಳದಿಂದ ಕೂಗುತ್ತಿದ್ದೆ. ಮೇಲಿನಿಂದ ಉತ್ತರವಾಗಿ ಇನ್ನೊಂದು ಸೀನು ಬರುತ್ತಿತ್ತು.

ರವಿವಾರ ಮಧ್ಯಾಹ್ನ ಅವನ ಕೋಣೆಯಲ್ಲಿ ಆಟ. ನನ್ನ ಮೊಮ್ಮಗಳು, ಪಕ್ಕದ ಮನೆಯ ಅಣ್ಣತಮ್ಮಂದಿರಿಬ್ಬರು ಆಡುವವರು. ಮೇಜಿನ ಮೇಲೆ ದಾಳ ಬಿಟ್ಟರೆ ಹೆಚ್ಚೇನೂ ಇರುತ್ತಿರಲಿಲ್ಲ. ಅವನು ಕಥೆ ಹೇಳುವನು. ಮಕ್ಕಳು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ, ತಾವೇನು ಮಾಡುತ್ತೇವೆಂದು ಹೇಳುವರು. ಅದು ಆದೀತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುವುದು. ಮೊಮ್ಮಗಳು ತುಂಗಭದ್ರೆಯಲ್ಲಿ ಹರಿಗೋಲು ನಡೆಸುವವಳು. ಅವರ ವೈರಿ, ಹೊಳೆಯಾಚೆಯ ಮಾಂತ್ರಿಕ. ಅವನಿಗೆ ಐದು ಮಂತ್ರ, ಬೆರಳಿಗೊಂದು. ಬಳಸಿದ ಮಂತ್ರದ ಬೆರಳನ್ನು ಮಡಚಬೇಕು. ಕಥೆಯಲ್ಲಿ ಬೆಳಗಾಗುವ ತನಕ ಅದು ಬಿಚ್ಚುವಂತಿಲ್ಲ. ಮಕ್ಕಳ ಮಂತ್ರಗಳಿಗೂ ಅದೇ ಕಾನೂನು.

ಆದರೂ ಜಗಳ ತಪ್ಪುತ್ತಿರಲಿಲ್ಲ. ಪಕ್ಕದ ಮನೆಯ ಸಣ್ಣವನು ಒಂದು ದಿನ ಎದ್ದುನಿಂತು, "ನಾವು ಏನ ಮಾಡ್ತೀವಂತ ಮೊದಲ ಕೇಳ್ಕೋತೀರಿ, ಆಮ್ಯಾಲ ಅದಕ್ಕ ತಕ್ಕಂಗ ಮಂತ್ರ ತಗೀತೀರಿ. ಇದ್ಯಾವ ನ್ಯಾಯರೀ?" ಎಂದ. ಬಾಗಿಲಲ್ಲಿ ಕುಳಿತಿದ್ದ ನಾನು ನಕ್ಕುಬಿಟ್ಟೆ. ಕಥೆ ಹೇಳುವವನು ನಗಲಿಲ್ಲ. "ಖರೇ ಐತಿ," ಎಂದ. "ಕೆಟ್ಟವ ಆದ್ರೂ ಅವಗೂ ಒಂದು ಕಟ್ಟಳೆ ಇರಬೇಕು. ಇಲ್ಲಂದ್ರ ಅವನ್ನ ಸೋಲಿಸಿ ಏನ ಖುಷಿ?"

ನಾನು ಹಾವೇರಿಯ ದನದ ಪೇಟೆಯಲ್ಲಿ ದಲಾಲಿಯಾಗಿ ತಲೆ ಹಣ್ಣು ಮಾಡಿಕೊಂಡವನು. ಅಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಎದುರಿನವನ ಬೆರಳು ಹಿಡಿದು ತಿಳಿಸುತ್ತೇವೆ. ಒಮ್ಮೆ ಹಿಡಿದ ಬೆರಳನ್ನು ಹಿಡಿದಿಲ್ಲ ಎನ್ನುವವನು ಮರುವಾರ ಪೇಟೆಗೆ ಕಾಲಿಡಲಾರ. ಆ ಪದ್ಧತಿಯನ್ನು ನಾನು ಆಟಕ್ಕೆ ತಂದೆ. ಮಾಂತ್ರಿಕನನ್ನು ನಾನೇ ಆಡುವುದು. ಮಕ್ಕಳು ಬಾಯಿ ತೆರೆಯುವ ಮೊದಲೇ ಟವೆಲ್ಲಿನ ಕೆಳಗೆ ಕಥೆ ಹೇಳುವವನ ಒಂದು ಬೆರಳು ಹಿಡಿಯುವುದು. ಮಕ್ಕಳ ಮಾತು ಮುಗಿದ ಮೇಲೆ ಯಾವ ಮಂತ್ರವೆಂದು ಅವನು ಸಾರುವುದು. ಇನ್ನು ಬದಲಿಸುವಂತಿಲ್ಲ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಮರುದಿನವೇ ಹೊಸ ಟವೆಲ್ ತಂದು ಮೇಜಿನ ಮೇಲೆ ಮಡಿಸಿಟ್ಟ.

ಹಾಗೆ ವರ್ಷದ ಹತ್ತಿರ ಆಡಿದೆವು. ಕಥೆ ಗಳಗನಾಥದ ಸಂಗಮಕ್ಕೆ ಬಂದು ಕೊನೆಯ ಕಾಳಗ ಎದುರಾಯಿತು. ನಾನು ಟವೆಲ್ಲಿನ ಕೆಳಗೆ ಅವನ ಕಿರುಬೆರಳು ಹಿಡಿದೆ. ಕಿರುಬೆರಳು ಬೆಂಕಿ, ಎಲ್ಲಕ್ಕಿಂತ ಘೋರ ಮಂತ್ರ. ಆಮೇಲೆ ಮೊಮ್ಮಗಳು ಮಾತಾಡಿದಳು. ಉಳಿದಿಬ್ಬರನ್ನು ದಡದಲ್ಲಿ ಬಿಟ್ಟು ಅವಳೊಬ್ಬಳೇ ಹರಿಗೋಲಿನಲ್ಲಿ ಮಾಂತ್ರಿಕನೆದುರು ಹೋಗುವಳಂತೆ. ಅವಳ ಬೆರಳುಗಳೆಲ್ಲ ಆಗಲೇ ಮಡಚಿದ್ದವು, ತಡೆಯಲು ಒಂದು ಮಂತ್ರವೂ ಉಳಿದಿರಲಿಲ್ಲ. ದಾಳದಲ್ಲಿ ಇಪ್ಪತ್ತೇ ಬಿದ್ದರೆ ಬದುಕು, ಇಲ್ಲವಾದರೆ ಇಲ್ಲ.

ಅವನು ನಿಧಾನವಾಗಿ, "ಬೆಂಕಿ" ಎಂದ.

ಮೊಮ್ಮಗಳ ಮುಖ ನೋಡಿದೆ. ನನ್ನ ಬಾಯಿಂದ ಮಾತು ತಾನಾಗಿ ಹೊರಬಿತ್ತು. "ಬೆಂಕಿ ಅಲ್ಲಪಾ. ನಾ ಉಂಗುರದ ಬೆರಳ ಹಿಡಿದಿದ್ದೆ. ನಿದ್ದಿ ಮಂತ್ರ."

ಟವೆಲ್ಲಿನ ಕೆಳಗಿದ್ದದ್ದು ಎರಡೇ ಕೈ. ಮೂರನೆಯವರಿಗೆ ಏನು ಗೊತ್ತು? ಸಣ್ಣವನು "ಮೋಸ! ಮೋಸ!" ಎಂದು ಕುಣಿದ. ಮೊಮ್ಮಗಳು ಕಣ್ಣು ತುಂಬಿಕೊಂಡು ಅವನಿಗೆ, "ನಾ ಸಾಯ್ಲಿ ಅಂತ ಸುಳ್ಳ ಹೇಳಿದ್ರಿ. ನೀವ ಕೆಟ್ಟವರು" ಎಂದಳು. ಅವನು ನನ್ನನ್ನೇ ನೋಡಿದ. ಒಂದು ಗಳಿಗೆ ಕಾದ... ನಾನು ಟವೆಲ್ ಮಡಿಸತೊಡಗಿದೆ. "ನಾನ ತಪ್ಪು ತಿಳಕೊಂಡೆ ಅಂತ ಕಾಣ್ತದ. ನಿದ್ದಿನ ಇರಲಿ," ಎಂದ. ಮಕ್ಕಳು ಗೆದ್ದರು.

ಮೊಮ್ಮಗಳ ಮೇಲಿನ ಪ್ರೀತಿಯಿಂದ ಹಾಗೆ ಮಾಡಿದೆ ಎಂದರೆ ಅರ್ಧವೇ ನಿಜ. ಆ ವರ್ಷವೆಲ್ಲ ಅವಳ ಬಾಯಲ್ಲಿ ಅವನದೇ ಹೆಸರಿತ್ತು. ಮಕ್ಕಳು ಮೂವರೂ ಅವನನ್ನು ಬಿಟ್ಟು ನನ್ನ ಪಕ್ಕಕ್ಕೆ ಬಂದು ನಿಂತಾಗ ನನಗೆ ಹಿತವೆನಿಸಿತು. ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಸಂಜೆ ಮೆಟ್ಟಿಲ ಮೇಲೆ ಅವನೊಬ್ಬನೇ ಸಿಕ್ಕ. ಸಿಟ್ಟಿರಲಿಲ್ಲ. "ಅಜ್ಜಾರ, ಮಾಂತ್ರಿಕನ ಯಾವ ಬೆರಳ ಮಡಚಲಿ?" ಎಂದ. ಅಲ್ಲಿ ಬೇರೆ ಯಾರೂ ಇರಲಿಲ್ಲ. ನಿಜ ಒಪ್ಪಿಕೊಳ್ಳಲೆಂದು ನನಗಾಗಿ ಅವನು ಬಾಗಿಲು ತೆರೆದು ನಿಂತಿದ್ದನೆಂದು ನನಗೆ ಆಗಲೇ ತಿಳಿದಿತ್ತು. "ಉಂಗುರದ್ದು," ಎಂದೆ. ಪೇಟೆಯಲ್ಲಿ ಎತ್ತಿನ ಮುಂದೆ ಒಮ್ಮೆಯೂ ಹೇಳದ ಸುಳ್ಳನ್ನು ಒಬ್ಬ ಮನುಷ್ಯನ ಮುಂದೆ ಎರಡು ಸಲ ಹೇಳಿದೆ.

ಮುಂದಿನ ರವಿವಾರ ಮಕ್ಕಳು ಮೇಲೆ ಹತ್ತಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅವನು ಬಾಗಿಲು ತೆರೆದಿಟ್ಟು ಕುಳಿತಿರುತ್ತಿದ್ದುದು ಕೆಳಗಿನಿಂದ ಕಾಣುತ್ತಿತ್ತು. ಮಳೆಗಾಲ ಮುಗಿಯುವುದರೊಳಗೆ ಮನೆ ಬಿಟ್ಟು, ಇನ್ನು ಬ್ಯಾಡಗಿಯಿಂದಲೇ ರೈಲಿನಲ್ಲಿ ಓಡಾಡುತ್ತೇನೆಂದು ಹೊರಟ. ಅಂಗಳದಲ್ಲಿ ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ಆಗಲೂ ನಾನು ಹೇಳಲಿಲ್ಲ...

ದಾಳ ಸಿಕ್ಕ ಸಂಜೆ ಮೊಮ್ಮಗಳು ಹಾವೇರಿಯ ಕಾಲೇಜಿನಿಂದ ಬಸ್ಸಿಳಿದು ಬಂದಳು. ಅವಳು ಚಹಾ ಕುಡಿದು ಮುಗಿಸುವ ತನಕವೂ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಅವಳು ಲೋಟ ಕೆಳಗಿಟ್ಟಳು.

"ಅಜ್ಜಾ, ನಾ ಅವರಿಗೆ ಕೆಟ್ಟವರು ಅಂದಿದ್ದೆ."

"ಹೌದು."

"ನಿನ್ನ ಮಾತ ಕೇಳಿ ಅಂದಿದ್ದೆ. ಫೋನ್ ಹಚ್ಚು. ಈಗ."

ಹಳೆಯ ನಂಬರಿಗೆ ಹಚ್ಚಿದೆ. ಎತ್ತಿದವರು ಅವನ ಅಣ್ಣ. ಹೋದ ವರ್ಷ ಎದೆನೋವಿನಿಂದ ತಮ್ಮ ತೀರಿಕೊಂಡನೆಂದರು. ನಾನು ಯಾರೆಂದು ಹೇಳಿದಾಗ ಅವರ ದನಿ ಅರಳಿತು. "ದನದ ಪ್ಯಾಟಿ ಅಜ್ಜಾರೇನ್ರಿ? ನಿಮ್ಮ ಸುದ್ದಿ ಭಾಳ ಹೇಳ್ತಿದ್ದ. ಇಲ್ಲೂ ಓಣಿ ಹುಡುಗರನ್ನ ಕೂಡಿಸ್ಕೊಂಡು ಕಡೀತನಕ ಅದ ಆಟ ಆಡಿಸಿದನ್ರಿ. ಅದ ಟವೆಲ್ಲು. ಆದ್ರ ಎರಡು ಕೈ ಸಾಲದು, ಟವೆಲ್ ಒಳಗ ಮೂರನೇದೊಂದು ಕೈ ಇರಬೇಕು ಅಂತಿದ್ದ. ಯಾರ ಮ್ಯಾಲೂ ಸುಳ್ಳ ಅಪವಾದ ಬರಬಾರದಂತ."

ನಾನು ಆಡಿದ ಸುಳ್ಳನ್ನು ಅವರಿಗೂ ತಿಳಿಸಿದೆ. "ಆ ಸುಳ್ಳ ನಿಮ್ಮದು ಅಂತ ಅವ ಎಂದೂ ಹೇಳಲಿಲ್ರಿ," ಎಂದರು. ಫೋನಿಟ್ಟ ಮೇಲೆ ಅತ್ತುಬಿಟ್ಟೆ. ಆದರೆ ಅವನ ಆಟ ನಿಂತಿರಲಿಲ್ಲ. ನಾನು ಕೆಡಿಸಿದ ಕಟ್ಟಳೆಯನ್ನು ಅವನು ರಿಪೇರಿ ಮಾಡಿ ಮುಂದುವರಿಸಿದ್ದ. ಎಷ್ಟೋ ವರ್ಷಗಳ ನಂತರ ಆ ರಾತ್ರಿ ನನಗೆ ಗಾಢ ನಿದ್ದೆ ಬಂತು.

ನಿನ್ನೆ ರವಿವಾರ. ಮೊಮ್ಮಗಳು ಮೇಜಿನ ಮೇಲೆ ಟವೆಲ್ ತಂದಿಟ್ಟಳು. "ಆವತ್ತಿಂದು ಅರ್ಧಕ್ಕ ನಿಂತೈತಿ, ಮುಗಸೋಣ." ಪಕ್ಕದ ಮನೆಯ ಸಣ್ಣವನು, ಈಗ ಮೀಸೆ ಬಂದಿದೆ, ಕಥೆ ಹೇಳುತ್ತಿದ್ದವನ ಜಾಗದಲ್ಲಿ ಕುಳಿತು ಕೈ ಚಾಚಿದ. ಸೊಸೆ ರೊಟ್ಟಿ ಹಿಟ್ಟಿನ ಕೈ ಒರೆಸಿಕೊಂಡು ಬಂದು ಮೂರನೆಯ ಕೈ ಇಟ್ಟಳು. ನಾನು ಬೆರಳು ಹಿಡಿದೆ. ಮೊಮ್ಮಗಳು ಮತ್ತೆ ಒಬ್ಬಳೇ ಹರಿಗೋಲು ಹತ್ತಿದಳು. "ಬೆಂಕಿ," ಎಂದ ಸಣ್ಣವನು. "ಬೆಂಕಿನ," ಎಂದಳು ಸೊಸೆ.

ಹಸಿರು ದಾಳ ಉರುಳಿ ನಿಂತಿತು. ನಾಲ್ಕು.

ಮೊಮ್ಮಗಳು ಅದನ್ನೇ ನೋಡುತ್ತ ಕುಳಿತಳು. ಆಮೇಲೆ ಕಣ್ಣೊರೆಸಿಕೊಂಡು ನಕ್ಕಳು. "ಸತ್ಲು, ಪಾಪ. ಎಷ್ಟು ವರ್ಷ ನಿನ್ನ ವಶೀಲಿ ಮ್ಯಾಲ ಬದುಕಿದ್ಲು ನೋಡಜ್ಜಾ."

ನನಗೂ ನಗು ಬಂತು. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಬದಿಗಿಟ್ಟಂತಾಯಿತು. ಮೆಟ್ಟಿಲ ಮೇಲೆ ನಿಂತು ಅವನು ಕೇಳಿದ್ದಕ್ಕೆ ಉತ್ತರ ಮಾತ್ರ ಬಾಕಿ ಇದೆ. ಕೇಳಲು ಅವನಿಲ್ಲ. ಆದರೂ ಹೇಳುತ್ತೇನೆ.

ಕಿರುಬೆರಳು ಮಡಚಿದ್ದೇನಪಾ, ಮಾಲತೇಶ.