ಗೋಡೆಯ ಮೇಲೆ ಇಲ್ಲದ ಜುರಾಂದಿರ್

೨೦೧೧ರ ಆಗಸ್ಟ್ ೯ರ ಮಂಗಳವಾರ, ಸಾಲ್ವಡೋರ್ ನಗರದ ಸಂಶೋಧನಾಲಯವೊಂದರ ಮುಂಭಾಗದ ಗೋಡೆಗೆ ಆಳೆತ್ತರದ ಚಿತ್ರವೊಂದನ್ನು ತೂಗುಹಾಕಿದರು. ಅದು ರೆಟ್ರೊವೈರಸ್ಸಿನ ಒಂದು ಕಣ. ನಿಜದಲ್ಲಿ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಸುತ್ತಲಿದ್ದುದನ್ನೆಲ್ಲ ಕತ್ತರಿಸಿ ಎಸೆದಿದ್ದರು. ಎಸೆದದ್ದು ವಾಲ್ಡೆಲೀಸಿಯ ಗಂಡನನ್ನು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಜೀವಕೋಶಗಳ ತೆಳುಪದರ ಕತ್ತರಿಸುವುದು ಅವಳ ವೃತ್ತಿಯಾಗಿತ್ತು. ಕಣ್ಣಿಗೆ ನಿಲುಕದಷ್ಟು ತೆಳ್ಳಗಿನ ಆ ಪದರಗಳು ವಜ್ರದ ಅಲಗಿನಿಂದ ನೀರಿನ ಮೇಲೆ ತೇಲಿ ಬರುವಾಗ ಅವನ್ನು ಸರಿಸಲು ಕಡ್ಡಿಯ ತುದಿಗೆ ಮನುಷ್ಯರ ಕಣ್ರೆಪ್ಪೆಯ ಕೂದಲನ್ನು ಅಂಟಿಸಿಕೊಳ್ಳುವುದು ಆ ಕಸುಬಿನವರ ರೂಢಿ. ಅವಳು ಗಂಡ ಜುರಾಂದಿರನದನ್ನೇ ಕೀಳುತ್ತಿದ್ದಳು.

"ಲೇ, ಎಲ್ಲಾ ಕಿತ್ಕೊಂಡ್ರೆ ಕಣ್ಣಿಗೆ ಮರಳು ತುಂಬುತ್ತೆ ಕಣೆ!"

"ಒಂದೇ ಒಂದು ಕೊಡೋ ಮಾರಾಯ. ನಮ್ ಪ್ರೊಫೆಸರ್ ರೆಪ್ಪೆ ಹಂದಿ ಕೂದ್ಲಿದ್ದಂಗಿದೆ."

ರಿಬೇರದ ಕಡಲದಡದಲ್ಲಿ ದೋಣಿ ರಿಪೇರಿ ಮಾಡುತ್ತಿದ್ದ ಜುರಾಂದಿರನ ಕಾಲುಗಳು ನಲವತ್ತಕ್ಕೇ ಸೋತವು. ರಕ್ತದಲ್ಲಿ ಆ ವೈರಸ್ ಇತ್ತು. "ನನ್ ಕಾಲು ತಿಂದವನ ಮುಖ ನೋಡ್ಬೇಕು" ಎಂದು ತಾನೇ ರಕ್ತ ಕೊಟ್ಟ. ಅದರ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಪದರ ಕತ್ತರಿಸಿದವಳು ವಾಲ್ಡೆಲೀಸಿ. ಇಡೀ ಪಟವನ್ನು ಮನೆಗೆ ತಂದು ತೋರಿಸಿದಳು.

"ಇದ್ರಲ್ಲಿ ನಾನೆಲ್ಲಿ?"

"ಈ ಅಗಲವಾಗಿರೋದೆಲ್ಲ ನೀನೇ. ಅಂಚಿಂದ ಮೊಗ್ಗಿನ ಹಾಗೆ ಹೊರಗೆ ಬರ್ತಿದೆಯಲ್ಲ, ಆ ಚುಕ್ಕಿ, ಅದು ಅವನು."

"ಅಷ್ಟೇನಾ? ಇಷ್ಟಗಲಕ್ಕೂ ನಾನೇ ಇದೀನಲ್ಲೇ! ಗೆದ್ದೋನು ನಾನೇ ಹಂಗಾದ್ರೆ" ಎಂದು ಜುರಾಂದಿರ್ ಜೋರಾಗಿ ನಕ್ಕ.

ಪಟವನ್ನು ಮರುದಿನವೇ ಹಿಂದಿರುಗಿಸಬೇಕಾಗಿತ್ತು, ಹಿಂದಿರುಗಿಸಿದಳು. ಎರಡು ವರ್ಷದಲ್ಲಿ ಅವನು ತೀರಿಕೊಂಡ. ಅವಳು ನಿವೃತ್ತಳಾದ ಮೇಲೆ ಸೂಕ್ಷ್ಮದರ್ಶಕದ ಕೋಣೆಗೆ ಬೀಗ ಬಿತ್ತು. ಆ ಪಟದ ಮೂಲ ಫಿಲ್ಮು ಅದರೊಳಗೇ ಉಳಿಯಿತು.

ಈಗ ಅವಳು ಶುಕ್ರವಾರಗಳಂದು, ಆ ಊರಿನವರ ವಾಡಿಕೆಯಂತೆ, ಬಿಳಿ ಉಡುಪು ತೊಟ್ಟು ಆ ಗೋಡೆಯೆದುರು ನಿಲ್ಲುತ್ತಾಳೆ. ಚಿತ್ರದ ಕೆಳಮೂಲೆಯಲ್ಲಿ ಜೀವಕೋಶದ ಪೊರೆಯ ಒಂದು ಎಳೆ ಕತ್ತರಿಗೆ ಸಿಗದೆ ಉಳಿದಿದೆ. ಅವಳ ಬೆರಳು ಅಲ್ಲಿಗೇ ಹೋಗುತ್ತದೆ.

"ದೋನಾ ವಾಲ್ಡೆಲೀಸಿ, ಗಾಜು ಮುಟ್ಬೇಡಿ, ಬೈಸ್ಕೋತೀನಿ ನಾನು" ಎನ್ನುತ್ತಾನೆ ಕಾವಲುಗಾರ, ಮರ್ಯಾದೆಯಿಂದಲೇ.

"ಗಾಜು ಯಾರಿಗೆ ಬೇಕಪ್ಪ!"

ನಿರ್ದೇಶಕರನ್ನು ಕಂಡು ಇಡೀ ಪಟ ಕೇಳಿದ್ದೂ ಆಯಿತು. "ಅಮ್ಮಾ, ನೋಡೋರಿಗೆ ವೈರಸ್ ಕಂಡ್ರೆ ಸಾಲ್ದೆ?" ಎಂದರು. ಅವಳು ಎದ್ದು ಹೊರಟಳು. ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಜುರಾಂದಿರನ ಆ ನಗುವನ್ನು ನೆನೆಯಲು ಹೆಣಗಿದಳು. ಕಣ್ಣಿಗೆ ಬಂದದ್ದು ಗೋಡೆಯ ಮೇಲಿನ ಆ ಗುಂಡು ಕಣವೊಂದೇ.

ಮಾನ್ಯ ನಿರ್ದೇಶಕರೇ, ಸಾಲುವುದಿಲ್ಲ. ಕೊಂದದ್ದನ್ನು ಆಳೆತ್ತರಕ್ಕೆ ಹಿಗ್ಗಿಸಿ, ಸತ್ತವನನ್ನು ಕಸದ ಬುಟ್ಟಿಗೆ ಹಾಕುವ ಅಧಿಕಾರವನ್ನು ತಮಗೆ ಯಾರೂ ಕೊಟ್ಟಿಲ್ಲ. ಬೀಗ ತೆಗೆಸಿರಿ. ಆ ಫಿಲ್ಮನ್ನು ಅಂಚಿನಿಂದ ಅಂಚಿನವರೆಗೆ ಮುದ್ರಿಸಿ ವಾಲ್ಡೆಲೀಸಿಯ ಕೈಗೆ ಕೊಡಿರಿ. ಅವಳ ಕಣ್ಣು ಇನ್ನೂ ಕಾಣುತ್ತಿರುವಾಗಲೇ ಕೊಡಿರಿ.