ಗೋಡೆಯಾಚೆಯ ತ್ರಾಂಕೀಲಾ

ಜೋಳದ ರೊಟ್ಟಿ ಸುಡುವ ವಾಸನೆ ಬಂದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಶಹಾಬಾದಿನ ಕಾಕು ನೆನಪಾಗುತ್ತಾರೆ, ಅವರ ಬೆನ್ನಿಗೇ ಒಂದು ಸ್ಪ್ಯಾನಿಷ್ ಪದ...

ಕಾಕು ನಮ್ಮ ಪಕ್ಕದ ಮನೆಯವರು, ನಡುವೆ ಒಂದೇ ಗೋಡೆ. ನಾನೋ ಕಾಲಿಗೆ ಚಕ್ರ ಕಟ್ಟಿಕೊಂಡವಳು. ಹೊಲಿಗೆ ಅರ್ಧಕ್ಕೇ ಬಿಟ್ಟೆ, ಟೈಪಿಂಗ್ ಅರ್ಧಕ್ಕೇ ಬಿಟ್ಟೆ, ಆ ವರ್ಷ ಮೊಬೈಲಿನಲ್ಲಿ ಸ್ಪ್ಯಾನಿಷ್ ಹಿಡಿದಿದ್ದೆ. ಕಾಕು ರೊಟ್ಟಿ ಬಡಿಯುವಾಗ ಅವರ ಹೊಸ್ತಿಲಲ್ಲಿ ಕೂತು ಒದರುತ್ತಿದ್ದೆ.

“ತ್ರಾಂಕೀಲಾ ಅಂದ್ರ ಏನವಾ?”

“ಶಾಂತ ಇರಾಕಿ, ಕಾಕು. ಗಂಡಸಾದ್ರ ತ್ರಾಂಕೀಲೊ. ಗದ್ದಲ ಇಲ್ಲದ ಓಣಿಗೂ ಅಂತಾರ. ಗಾಬರಿ ಆದವ್ರಿಗೆ ಸಮಾಧಾನ ಹೇಳ್ಲಿಕ್ಕೂ ಅದೇ.”

“ಹಂಗಾರ ನಿನಗೇ ಅನ್ಬೇಕಲ್ಲ!”

ಅಂದಿನಿಂದ ನಾನು ಚಡಪಡಿಸಿದಾಗಲೆಲ್ಲ “ತ್ರಾಂಕೀಲಾ, ಬಾಯಿ” ಎನ್ನುತ್ತಿದ್ದರು; ಹುಡುಗಿಯರನ್ನೆಲ್ಲ ಅವರು ಅಕ್ಕರೆಯಿಂದ ಕರೆಯುತ್ತಿದ್ದುದೇ ‘ಬಾಯಿ’ ಎಂದು.

ನನ್ನ ಪಾಲಿಗೆ ಆ ಪದದ ಅರ್ಥವೇ ಕಾಕು. ಗೋಡೆಯಾಚೆ ಅವರು ರೊಟ್ಟಿ ಬಡಿಯುವ ಸದ್ದು ಒಂದೇ ಸಮ ಇರುತ್ತಿತ್ತು. ನಮ್ಮ ಓಣಿಯಲ್ಲಿ ಬೆಳಿಗ್ಗೆ ಯಾವ ಮನೆಯಿಂದ ಆ ಸದ್ದು ಬರದೋ ಅಲ್ಲಿಗೆ ಹೆಂಗಸರೆಲ್ಲ ಏನಾಯ್ತೆಂದು ಕೇಳಲು ಓಡುತ್ತಿದ್ದರು.

ಅವರ ಮಗಳ ಲಗ್ನ ಹತ್ತಿರ ಬಂದಿತ್ತು. ಗಂಡ, ಮಗಳು ಲಗ್ನಪತ್ರಿಕೆ ಕೊಡಲು ಚಿಂಚೋಳಿ ಕಡೆ ಹೋಗಿದ್ದರು. ಆ ಬೆಳಿಗ್ಗೆ ಸದ್ದಿತ್ತು, ವಾಸನೆ ಇರಲಿಲ್ಲ. ಹೋಗಿ ನೋಡಿದರೆ ಒಲೆ ಹಚ್ಚಿರಲಿಲ್ಲ. ಕಾಕು ಗೋಡೆಗೆ ಒರಗಿ, ಹಿಟ್ಟಿಲ್ಲದ ಬರೀ ಕಲ್ಲನ್ನು ಅಂಗೈಯಿಂದ ಬಡಿಯುತ್ತಿದ್ದರು.

“ನಾದ್ಲಿಕ್ಕಿ ಕೈಯಾಗ ಕಸುವಿಲ್ಲವಾ. ಹೊಟ್ಟ್ಯಾಗಿನ ಗಂಟು ಕೆಟ್ಟದ್ದು ಅಂದಾರ ಕಲಬುರಗಿ ಡಾಕ್ಟರು. ಗೊತ್ತಾದ್ರ ಲಗ್ನ ನಿಲ್ಲಿಸ್ತಾರ. ಯಾರಿಗೂ ಹೇಳಬ್ಯಾಡ.”

ನನಗೆ ಅಳು ಬಂತು. ಈಗಲೇ ದವಾಖಾನೆಗೆ ಹೋಗೋಣ ಎಂದು ಹಟ ಹಿಡಿದೆ.

“ತ್ರಾಂಕೀಲಾ, ಬಾಯಿ.” ಕೈ ಮಾತ್ರ ನಿಲ್ಲಿಸಲಿಲ್ಲ.

ಲಗ್ನದವರೆಗೆ ದಿನಾ, ರೊಟ್ಟಿ ಕಲಿಯುವ ನೆಪ ಹೇಳಿ, ಹಿಟ್ಟು ನಾನು ನಾದಿದೆ, ಅವರು ಬಡಿದರು. ಆ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಮಗಳು ನಗುನಗುತ್ತಲೇ ಗಂಡನ ಮನೆಗೆ ಹೋದಳು. ಮಳೆಗಾಲಕ್ಕೆ ಮುಂಚೆ ಕಾಕು ಹೋದರು...

ನಾನೀಗ ಸೇಡಂನಲ್ಲಿದ್ದೇನೆ. ಪಕ್ಕದ ಮನೆಗೆ ಹೊಸ ಸೊಸೆ ಬಂದಿದ್ದಾಳೆ. ಇವತ್ತು ರೊಟ್ಟಿಯ ಸದ್ದು ಒಂದೇ ಸಮ ಕೇಳಿತು, ವಾಸನೆಯೂ ಬಂತು. ಆದರೂ ಮನಸ್ಸು ತಡೆಯದೆ ಹೋಗಿ ಇಣುಕಿದೆ. ಕಲ್ಲಿನ ಮೇಲೆ ಹಿಟ್ಟಿತ್ತು.

“ಏನ್ ಬೇಕ್ರಿ ಅಕ್ಕಾ?” ಎಂದಳು.

ಏನೂ ಇಲ್ಲ ಎಂದು ತಿರುಗಿ ಬಂದೆ. ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು. ತ್ರಾಂಕೀಲಾ ಎನ್ನಲು ಗೋಡೆಯಾಚೆ ಕಾಕು ಇಲ್ಲ.